ಮೂಕಗಂಟೆ ತಿರುವು

ಬೆಡಸಹೊಳೆಗೆ ಕಟ್ಟಿದ ಎರಡು ಅಣೆಕಟ್ಟುಗಳ ನಡುವೆ, ಗುಡ್ಡದ ಪಕ್ಕೆ ಕೊರೆದು ಮಾಡಿದ ಒಂದು ಜಲ್ಲಿರಸ್ತೆ ಇದೆ. ಕೆಳಗಿನ ಅಣೆಕಟ್ಟಿನ ಕಾವಲುಮನೆಯಿಂದ ಮೇಲಿನ ಅಣೆಕಟ್ಟಿನ ಬಾಗಿಲಿನವರೆಗೆ ನಲವತ್ತೊಂದು ಕಿಲೋಮೀಟರು. ಅದು ಹುಟ್ಟಿದಾಗಿನಿಂದ ಡಾಂಬರಿನ ಮುಖ ಕಂಡಿಲ್ಲ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಣಿವೆ. ಮಳೆಗಾಲ ಮುಗಿದ ಮೇಲೆ ಕಣಿವೆಯ ತುಂಬ ಹಸಿರು ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ಅದು ಕೆಳಗಿಳಿದು ಬಂಡೆಗಳ ಮೇಲೆ ಬಿಳಿಯ ಗೆರೆಗಳನ್ನು ಬಿಟ್ಟುಹೋಗುತ್ತದೆ. ಮೊದಲು ಈ ರಸ್ತೆಯಲ್ಲಿ ನೀರಿನ ಮಟ್ಟ ನೋಡಲು ಹೋಗುವ ಜೀಪು ಬಿಟ್ಟರೆ ಬೇರೆ ಗಾಲಿ ಉರುಳಿದ್ದಿಲ್ಲ. ಈಗ ಹತ್ತು ಹನ್ನೆರಡು ವರ್ಷಗಳಿಂದ ಸೈಕಲ್ಲಿನವರು ಬರುತ್ತಿದ್ದಾರೆ. ಹುಬ್ಬಳ್ಳಿ, ಬೆಳಗಾವಿ, ಪಣಜಿಯಿಂದ ದಪ್ಪ ಟೈರಿನ ಸೈಕಲ್ಲುಗಳನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಬಂದು, ಕೆಳಗಿನ ಕಾವಲುಮನೆಯ ಹತ್ತಿರ ಇಳಿಸಿಕೊಂಡು ಹೊರಡುತ್ತಾರೆ. ನುಣುಪಾದ ಹೆದ್ದಾರಿಯನ್ನು ಬಿಟ್ಟು, ಇಷ್ಟು ದೂರ ಬಂದು ಜಲ್ಲಿಯ ಮೇಲೆ ಮೊಣಕಾಲು ಕೆತ್ತಿಸಿಕೊಳ್ಳುವ ಇವರನ್ನು ಕಂಡು ಸುತ್ತಲಿನ ಊರವರು ಮೊದಮೊದಲು ನಕ್ಕರು. ಈಗ ನಗುವುದಿಲ್ಲ. ಬಾಳೆಹಣ್ಣು ಮಾರುತ್ತಾರೆ.

ಈ ದಾರಿಯ ಇಪ್ಪತ್ತೇಳನೆಯ ಕಿಲೋಮೀಟರಿನಲ್ಲಿ ಗುಡ್ಡದ ಬಂಡೆಯೊಂದು ಮೂಗಿನಂತೆ ಕಣಿವೆಯ ಮೇಲೆ ಚಾಚಿಕೊಂಡಿದೆ. ರಸ್ತೆ ಆ ಮೂಗನ್ನು ಸುತ್ತಿಕೊಂಡು ತಿರುಗುತ್ತದೆ. ಆಚೆಯಿಂದ ಬರುವುದು ಈಚೆಯವರಿಗೆ ಕಾಣುವುದಿಲ್ಲ. ಸೈಕಲ್ಲಿನವರ ಫೋನಿನ ನಕಾಶೆಯಲ್ಲಿ ಇದಕ್ಕೆ ಹದಿನೇಳನೆಯ ತಿರುವು ಎಂದು ಹೆಸರು. ಸುತ್ತಲಿನ ಏಳು ಹಳ್ಳಿಗಳಲ್ಲಿ ಮೂಕಗಂಟೆ ತಿರುವು ಎಂದು. ಬಂಡೆಯ ಎರಡೂ ಕಡೆಗೆ ಕಬ್ಬಿಣದ ಕೊಂಡಿ ಬಡಿದು ಒಂದೊಂದು ಹಿತ್ತಾಳೆಯ ತಂಬಿಗೆಯನ್ನು ಸರಪಳಿಯಿಂದ ನೇತುಹಾಕಿದ್ದಾರೆ, ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಒಂದು ಗುಂಡುಕಲ್ಲು. ಮೇಲ್ಬದಿಯಲ್ಲಿ, ಬಂಡೆಯ ನೆರಳಿಗೆ, ಸುಂದ್ರಾಬಾಯಿಯ ಚಹದಂಗಡಿ. ಅರವತ್ತು ದಾಟಿದ ಹೆಂಗಸು, ಯಾರಿಗೂ ಹೆದರುವವಳಲ್ಲ. ಯಾರಾದರೂ ತಂಬಿಗೆಯ ಎದುರು ಫೋನು ಎತ್ತಿಕೊಂಡು ನಿಂತರೆ, ಒಲೆಯ ಮುಂದೆ ಕುಳಿತಲ್ಲಿಂದಲೇ, "ಮೊದಲ ಬಾರಸ್ರಿ, ಆಮ್ಯಾಲ ಫೋಟೋ," ಎನ್ನುತ್ತಾಳೆ. ಮೂಕಗಂಟೆ ಎಂದು ಹೆಸರಿಟ್ಟುಕೊಂಡು ಬಾರಿಸದೆ ಬಿಡುವುದಿಲ್ಲವಲ್ಲ ಇವರು ಎಂದು ಬಂದವರು ನಗುತ್ತಾರೆ. ನಗುವಂಥದ್ದೇ. ಆದರೆ ಹೆಸರು ಹುಟ್ಟಿದ್ದು ಬಾರಿಸದೆ ಹೋದ ಒಂದು ದಿನದಿಂದ.

ಹಿಂದೆ ಒಮ್ಮೆ, ಅಣೆಕಟ್ಟಿನ ಮಾತಿರಲಿ, ಈ ಗುಡ್ಡಗಳಲ್ಲಿ ಬಂಡಿಯ ಜಾಡೂ ಇರದಿದ್ದ ಕಾಲದಲ್ಲಿ, ಬಯಲುಸೀಮೆಯ ಜೋಳ ಕರಾವಳಿಗೆ ಇಳಿಯುತ್ತಿದ್ದುದೂ ಕರಾವಳಿಯ ಉಪ್ಪು ಮೇಲೆ ಹತ್ತುತ್ತಿದ್ದುದೂ ಎತ್ತಿನ ಬೆನ್ನ ಮೇಲೆ. ಈ ಕೆಲಸ ಮಾಡುತ್ತಿದ್ದವರನ್ನು ಹೇರಿನವರು ಎನ್ನುತ್ತಿದ್ದರು. ಎತ್ತಿನ ಎರಡು ಪಕ್ಕಕ್ಕೂ ಗೋಣಿ ತೂಗಿ, ಒಂದರ ಹಿಂದೆ ಒಂದರಂತೆ ಮೂವತ್ತು ನಲವತ್ತು ಎತ್ತುಗಳನ್ನು ಹೊಡೆದುಕೊಂಡು, ಹೆಂಡಿರು ಮಕ್ಕಳ ಸಮೇತ ವರ್ಷಕ್ಕೆರಡು ಸಲ ಇಳಿದು ಹತ್ತುತ್ತಿದ್ದರು. ಬೆಡಸಗಂಡಿ ಎಂಬ ಈ ಕಣಿವೆಯಲ್ಲಿ ಅವರ ದಾರಿ ಒಂದು ಹರದಾರಿಯಷ್ಟು ದೂರ ಬಂಡೆಯ ಮೈಯಲ್ಲೇ ಕಡಿದದ್ದು. ಹೇರು ಹೊತ್ತ ಒಂದು ಎತ್ತು ನಡೆಯುವಷ್ಟು ಅಗಲ. ಒಳಮಗ್ಗುಲಿನ ಗೋಣಿ ಬಂಡೆಗೆ ಉಜ್ಜಿ ಉಜ್ಜಿ ಕಲ್ಲು ಕನ್ನಡಿಯಾಗಿತ್ತಂತೆ. ಹೇರು ಹೊತ್ತು ಹೊಕ್ಕ ಎತ್ತು ತಿರುಗಲಾರದು, ಹಿಂದಕ್ಕೂ ಬರಲಾರದು. ಹಾಗಾಗಿ ಒಂದು ಕಟ್ಟಳೆ ಇತ್ತು. ಮುಂದಿನ ಎತ್ತಿನ ಕೊರಳಿಗೆ ಅಂಗೈ ಅಗಲದ ಕಂಚಿನ ಗಂಟೆ. ಗಂಡಿಯ ಬಾಯಿಗೆ ಬಂದವರು ಎತ್ತುಗಳನ್ನು ನಿಲ್ಲಿಸಿ ಕಿವಿಗೊಡಬೇಕು. ಒಳಗೆ ಗಂಟೆ ಕೇಳಿದರೆ ಬಂದವರಿಗೆ ದಾರಿ ಬಿಡಬೇಕು, ಕೇಳದಿದ್ದರೆ ಹೊಗಬಹುದು. ಬಂಡೆಯಿಂದ ಬಂಡೆಗೆ ದಾಟಿಕೊಂಡು ಗಂಟೆಯ ದನಿ ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ತಲೆಮಾರುಗಟ್ಟಲೆ ಒಂದು ಎತ್ತೂ ಇನ್ನೊಂದಕ್ಕೆ ಎದುರಾಗಿರಲಿಲ್ಲ.

ಹೇರಿನವರಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಮನೆಯಲ್ಲಿ ಸಾವಾದರೆ ಮುಂದಿನ ಎತ್ತಿನ ಗಂಟೆಯೊಳಗೆ ಹುಲ್ಲು ತುರುಕಿ ಹನ್ನೊಂದು ದಿನ ಅದನ್ನು ಮೂಕ ಮಾಡುತ್ತಿದ್ದರು. ಸೂತಕವಿದ್ದವರೆಲ್ಲ, ಹುಟ್ಟಿದ ಮನೆಯವರಿರಲಿ ಮೆಟ್ಟಿದ ಮನೆಯವರಿರಲಿ, ಹಾಗೆ ಮಾಡಬೇಕು. ಊರೂರು ತಿರುಗುವ ಜನ; ಅವರಿಗೆ ಬಾಗಿಲು ಮುಚ್ಚಿ ಕೂರಲು ಮನೆಯೆಲ್ಲಿತ್ತು? ದುಃಖವನ್ನು ಎತ್ತಿನ ಕೊರಳಿಗೇ ಕಟ್ಟಿಕೊಂಡು ನಡೆಯಬೇಕಿತ್ತು. ಒಂದೊಂದನ್ನೇ ನೋಡಿದರೆ ಎರಡೂ ಒಳ್ಳೆಯ ಕಟ್ಟಳೆಗಳೇ. ಅವೆರಡು ಒಂದೇ ದಿನ ಒಂದೇ ದಾರಿಯಲ್ಲಿ ಎದುರಾದರೆ ಏನಾದೀತೆಂದು ಹಿರಿಯರಾರೂ ಯೋಚಿಸಿರಲಿಲ್ಲ.

ಬೆಣಚಿಕಟ್ಟಿಯ ಮೈಲಾರಿ ಎಂಬವನು ಒಂದು ಹೇರಿನ ಮುಖಂಡ. ಅವನ ಹೆಂಡತಿ ತಿರಕವ್ವ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಉಳಿದ ಮೊದಲ ಕೂಸು; ಯಮನ ಕಣ್ಣು ತಪ್ಪಿಸಲೆಂದು ತಿರುಕರ ಜೋಳಿಗೆಯಲ್ಲಿ ಹಾಕಿ ತೆಗೆದು ಆ ಹೆಸರಿಟ್ಟಿದ್ದರು. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಬೀರಣ್ಣ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದಲ್ಲಿಟ್ಟು ಬೆಳೆಸಿದವಳು ತಿರಕವ್ವನೇ. ಮದುವೆಯಾಗಿ ಹೋಗುವ ದಿನ ಆರು ವರ್ಷದ ಬೀರಣ್ಣ ಎತ್ತಿನ ಬಾಲ ಹಿಡಿದುಕೊಂಡು ಬಿಡಲಿಲ್ಲವೆಂದೂ, ಮೈಲಾರಿ ನಗುತ್ತ ಅವನನ್ನೂ ಹೇರಿನ ಮೇಲೆ ಕೂರಿಸಿಕೊಂಡು ಒಂದು ತಿಂಗಳು ಇಟ್ಟುಕೊಂಡು ಕಳಿಸಿದನೆಂದೂ ಹೇಳುತ್ತಾರೆ. ಮೈಲಾರಿ ಅಂಥ ಮನುಷ್ಯ. ಮಾತು ಕಡಿಮೆ, ಕೈ ದೊಡ್ಡದು. ಬೀರಣ್ಣ ದೊಡ್ಡವನಾಗಿ ತವರಿನ ಹೇರಿಗೆ ತಾನೇ ಮುಖಂಡನಾದ ಮೇಲೂ, ಅಕ್ಕನ ಹೇರು ಬರುವ ದಿನ ಗಂಡಿಯ ಮೇಲ್ತುದಿಯ ಕಟ್ಟೆಯಲ್ಲಿ ಬಂದು ಕಾದಿರುತ್ತಿದ್ದ.

ಆ ವರ್ಷ ವೈಶಾಖದಲ್ಲಿ ಉಪ್ಪು ತುಂಬಿಸಿಕೊಳ್ಳಲು ಇಳಿದಾಗ, ಕಡಲಿನ ಅಂಚಿನ ಒಂದು ಊರಿನಲ್ಲಿ ಮೈಲಾರಿಗೆ ಚಳಿಜ್ವರ ಬಂತು. ಮೂರು ದಿನ ನರಳಿ ನಾಲ್ಕನೆಯ ದಿನ ಹೋಗಿಬಿಟ್ಟ. ಪರವೂರು. ಹೊರಲು ನೆಂಟರಿಲ್ಲ, ಅತ್ತು ಹಾಡಲು ಊರಿನ ಹಿರಿಯ ಹೆಂಗಸರಿಲ್ಲ, ಮಣ್ಣು ಕೂಡ ತಮ್ಮದಲ್ಲ. ಮರಳಿನಲ್ಲಿ ಗುಂಡಿ ತೋಡಿ ಮುಚ್ಚಿ, ತಲೆದೆಸೆಗೆ ಒಂದು ಕಲ್ಲು ಹುಡುಕಿದರೆ ಆ ಊರಿನಲ್ಲಿ ಕಲ್ಲೇ ಸಿಕ್ಕಲಿಲ್ಲ. ತಿರಕವ್ವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಅದು. ಬದುಕಿಡೀ ಕಲ್ಲಿನ ದಾರಿಯಲ್ಲಿ ನಡೆದವನಿಗೆ ಒಂದು ಕಲ್ಲು ಇಲ್ಲ. ಅವನಿಗೆ ಅವಳು ಕೊಡಬಹುದಾಗಿದ್ದ ಮರ್ಯಾದೆ ಇನ್ನೊಂದೇ ಉಳಿದಿತ್ತು: ಅವನ ಮುದ್ದಿನ ಎತ್ತು ಚೆನ್ನನ ಕೊರಳಿನ ಗಂಟೆಯಲ್ಲಿ ಹುಲ್ಲು ತುರುಕುವುದು. ಅದನ್ನು ಅವಳೇ ತನ್ನ ಕೈಯಿಂದ, ಚೂರೂ ಸದ್ದು ಬಾರದ ಹಾಗೆ ಒತ್ತಿ ಒತ್ತಿ ತುರುಕಿದಳು. ಗುಡ್ಡದ ನೆತ್ತಿಯ ಕಾಲುದಾರಿ ಬಲ್ಲ ಒಬ್ಬ ಆಳನ್ನು ತವರಿಗೆ ಸುದ್ದಿ ಹೇಳಲು ಓಡಿಸಿದಳು. ನಲವತ್ತು ಎತ್ತುಗಳ ಹೇರನ್ನು ತಾನೇ ಮುಂದೆ ನಿಂತು ಹೊರಡಿಸಿದಳು. ಸೂತಕ ಕಳೆಯುವವರೆಗೆ ಕಾಯುವ ಹಾಗಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಬೆನ್ನ ಮೇಲಿನ ಉಪ್ಪೆಲ್ಲ ದಾರಿಯಲ್ಲೇ ನೀರು.

ಒಂಬತ್ತನೆಯ ದಿನ ಬೆಳಗಿನ ಬಿಸಿಲು ಏರುವ ಹೊತ್ತಿಗೆ ಗಂಡಿಯ ಕೆಳಬಾಯಿಗೆ ಬಂದರು. ಹೇರಿನಲ್ಲಿ ಹೊಳಿಯಜ್ಜ ಎಂಬ ಮುದುಕನಿದ್ದ. ಮೈಲಾರಿಯ ಅಪ್ಪನ ಕಾಲದಿಂದ ಈ ದಾರಿ ತುಳಿದವನು. ಅವನು ಎತ್ತುಗಳನ್ನು ದಾಟಿಕೊಂಡು ತಿರಕವ್ವನ ಹತ್ತಿರ ಬಂದು ನಿಂತ.

"ಅವ್ವಾ, ಗಂಡ್ಯಾಗ ಅಷ್ಟ ಹುಲ್ಲ ತಗಿಯೋಣು. ದಾಟಿದ ಮ್ಯಾಲ ಮತ್ತ ತುರಕಿದರಾತು. ಮೈಲಾರಿ ಏನ ತಪ್ಪ ತಿಳ್ಕೊಳ್ಳೂದಿಲ್ಲ."

"ಹನ್ನೊಂದ ದಿನ ಅಂದ್ರ ಹನ್ನೊಂದ ದಿನ, ಅಜ್ಜಾ. ಇವತ್ತಿಗೆ ಒಂಬತ್ತು."

"ಎದುರಿಗೆ ಯಾರರೆ ಬಂದ್ರ?"

"ಬಂದ್ರ ಅವರ ಗಂಟಿ ನಮಗ ಕೇಳತೈತಲ್ಲ. ನಾವು ನಿಲ್ಲೂಣು. ಅವಗ ಒಂದ ಕಲ್ಲ ನಿಲ್ಲಸಲಿಕ್ಕೆ ಆಗಲಿಲ್ಲ ನನ್ನ ಕೈಲೆ. ಇದನ್ನರೆ ಪೂರ್ತಿ ಮಾಡತೇನಿ."

ಮುದುಕ ಮತ್ತೆ ಮಾತಾಡಲಿಲ್ಲ. ಹೊಸದಾಗಿ ಗಂಡನನ್ನು ಕಳೆದುಕೊಂಡವಳ ಹತ್ತಿರ ಎರಡನೆಯ ಸಲ ವಾದಿಸುವುದು ಯಾರಿಂದಾದೀತು? ಅವಳ ಮಾತಿನಲ್ಲಿ ಲೆಕ್ಕ ತಪ್ಪಿದ್ದೂ ಇರಲಿಲ್ಲ. ಒಂದು ಹೇರು ಮೂಕವಾದರೆ ಇನ್ನೊಂದರ ಗಂಟೆ ಇದ್ದೇ ಇರುತ್ತದೆ. ತಿರಕವ್ವ ಬಾಯಿಗೆ ಸೆರಗು ಒತ್ತಿಕೊಂಡು, ಎತ್ತುಗಳು ಉಸಿರು ಬಿಟ್ಟರೂ ಗದರಿಸುತ್ತ, ಎಂದಿಗಿಂತ ಎರಡರಷ್ಟು ಹೊತ್ತು ನಿಂತು ಕಿವಿಗೊಟ್ಟಳು ಎನ್ನುತ್ತಾರೆ. ಕೆಳಗೆ ಹೊಳೆ ಹರಿಯುವುದು ಕೇಳಿತು. ಎಲ್ಲೋ ಮರಕುಟಿಗ ಕುಟ್ಟುವುದು ಕೇಳಿತು. ಗಂಟೆ ಕೇಳಲಿಲ್ಲ. ಅವಳು ಚೆನ್ನನ ಬೆನ್ನು ತಟ್ಟಿದಳು. ಹೇರು ಗಂಡಿಯನ್ನು ಹೊಕ್ಕಿತು.

ಅದೇ ಹೊತ್ತಿಗೆ, ಮೇಲಿನ ಬಾಯಿಯಲ್ಲಿ, ಬೀರಣ್ಣನೂ ನಿಂತು ಕೇಳಿದ್ದ. ಭಾವ ಹೋದ ಸುದ್ದಿ ಹಿಂದಿನ ದಿನ ಮುಟ್ಟಿತ್ತು. ಗಂಡ ಸತ್ತವಳಿಗೆ ತವರಿನಿಂದ ಸೀರೆ ಒಯ್ಯಬೇಕು. ಅವನು ಕಟ್ಟೆಯಲ್ಲಿ ಕಾಯಬಹುದಿತ್ತು. ಎಂದಿನಂತೆ ಕಾದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೊಂಟದಲ್ಲಿಟ್ಟು ಬೆಳೆಸಿದ ಅಕ್ಕ ಒಬ್ಬಳೇ ನಲವತ್ತು ಎತ್ತು ಹೊಡೆದುಕೊಂಡು ಬರುತ್ತಿದ್ದಾಳೆಂದರೆ ಯಾವ ತಮ್ಮನ ಕಾಲು ನಿಂತೀತು? ಅವಳಿನ್ನೂ ಘಟ್ಟದ ಬುಡದಲ್ಲೇ ಇರಬಹುದೆಂದು ಎಣಿಸಿ, ಇಪ್ಪತ್ತು ಎತ್ತಿಗೆ ಜೋಳ ಹೇರಿಸಿ, ಮಡಿಸಿದ ಬಿಳಿ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಅವಳನ್ನು ಅರ್ಧ ದಾರಿಯಲ್ಲೇ ಕೂಡಿಕೊಳ್ಳಲು ಹೊರಟಿದ್ದ. ಸೂತಕ ಅವನಿಗೂ ಇತ್ತು. ಅವನ ಎತ್ತಿನ ಗಂಟೆಯಲ್ಲೂ ಹುಲ್ಲಿತ್ತು.

ಅವರು ಎದುರಾದದ್ದು ಈ ಮೂಗುಬಂಡೆಯ ತುದಿಯಲ್ಲಿ. ಚೆನ್ನ ತಾನೇ ದಾರಿ ಬಲ್ಲ ಎತ್ತು, ಯಾರೂ ಮೂಗುದಾರ ಹಿಡಿಯದೆ ಮುಂದೆ ನಡೆಯುತ್ತಿತ್ತು. ತಿರಕವ್ವ ಅದರ ಬಾಲದ ಹಿಂದೆ. ಬೀರಣ್ಣ ತನ್ನ ಎತ್ತಿನ ಮುಂದೆ. ಬಂಡೆ ಸುತ್ತಿದ ಕೂಡಲೆ ಎರಡು ಎತ್ತುಗಳು ಮುಖಕ್ಕೆ ಮುಖ ಕಂಡು ಬೆದರಿದವು. ಚೆನ್ನ ಹೊರಳಲು ನೋಡಿತು. ಹೊರಮಗ್ಗುಲಿನ ಉಪ್ಪಿನ ಗೋಣಿ ಕಣಿವೆಗೆ ಜೋತಿತು, ಹಿಂಗಾಲು ಜಾರಿತು, ಒಳಮಗ್ಗುಲಿನ ಗೋಣಿ ಎದ್ದು ಬೀರಣ್ಣನ ಎದೆಗೆ ಬಡಿಯಿತು. ಎತ್ತು ಕೆಳಗೆ ಹೊಳೆಗೆ ಹೋಯಿತು. ಅಷ್ಟು ದೊಡ್ಡ ಗಂಟೆ ಕೊರಳಲ್ಲಿದ್ದ ಎತ್ತು ಅಷ್ಟು ಆಳಕ್ಕೆ ಬಿದ್ದರೂ ಒಂದು ಸದ್ದು ಬರಲಿಲ್ಲ. ಬೀರಣ್ಣ ಎರಡಾಳು ಕೆಳಗಿನ ಒಂದು ಬಂಡೆಯ ಚಾಚಿನ ಮೇಲೆ ಬಿದ್ದ. ಸೀರೆ ಮಾತ್ರ ದಾರಿಯ ಮೇಲೆ ಉಳಿಯಿತು.

ಹಿಂದಿನ ಎತ್ತುಗಳಿಗೆ ಮುಂದೆ ಆದದ್ದೇನು ಗೊತ್ತು? ಆ ಕಡೆಯ ಇಪ್ಪತ್ತು, ಈ ಕಡೆಯ ಮೂವತ್ತೊಂಬತ್ತು, ಒಂದನ್ನೊಂದು ಮುಂದಕ್ಕೆ ನೂಕಿಕೊಂಡೇ ಬರುತ್ತಿದ್ದವು. ಇನ್ನೊಂದು ಗಳಿಗೆ ಹಾಗೇ ನಡೆದಿದ್ದರೆ ಸಾಲು ಸಾಲೇ ಕಣಿವೆಗೆ ಸುರಿಯುತ್ತಿತ್ತು. ಕೂಗಿದರೆ ಹೊಳೆಯ ಮೊರೆತದಲ್ಲಿ ಬಾಲದಲ್ಲಿದ್ದವರಿಗೆ ಮುಟ್ಟುವುದಿಲ್ಲ. ತಿರಕವ್ವನ ಸೊಂಟದಲ್ಲಿ ಒಂದು ಹಿತ್ತಾಳೆಯ ತಂಬಿಗೆ ಸಿಕ್ಕಿಸಿತ್ತು. ಮೈಲಾರಿ ಸಾಯುವಾಗ ಕೊನೆಯ ನೀರು ಕುಡಿದದ್ದು ಅದರಲ್ಲಿ. ಆಮೇಲೆ ಅವಳು ಅದರಲ್ಲಿ ನೀರು ಕುಡಿದಿರಲಿಲ್ಲ, ಇನ್ನೊಬ್ಬರ ಕೈಗೂ ಕೊಟ್ಟಿರಲಿಲ್ಲ. ಅದನ್ನು ಕಿತ್ತು, ದಾರಿಯ ಒಂದು ಕಲ್ಲನ್ನೆತ್ತಿ ಬಡಿದಳು. ಒಂದೇ ಸಮನೆ ಬಡಿದಳು. ತಂಬಿಗೆ ತಗ್ಗುಬಿದ್ದಿತು, ಕೈ ಒಡೆದು ರಕ್ತ ಇಳಿಯಿತು, ಬಿಡಲಿಲ್ಲ. ಎರಡೂ ತುದಿಗಳಲ್ಲಿ ಜನ ಬೆಚ್ಚಿ ಎತ್ತುಗಳನ್ನು ತಡೆದರು. ಹನ್ನೊಂದು ದಿನದ ಮೌನವನ್ನು ಒಂಬತ್ತನೆಯ ದಿನ ಅವಳೇ ಮುರಿದಳು. ಒಂದು ಗಳಿಗೆ ಮೊದಲು ಮುರಿದಿದ್ದರೆ ಎಂದು ನಾವು ಕುಳಿತಲ್ಲಿ ಹೇಳಬಹುದು. ಅವಳು ಅದನ್ನು ಬದುಕಿಡೀ ಹೇಳಿಕೊಂಡಳು.

ಹಗ್ಗ ಬಿಟ್ಟು ಬೀರಣ್ಣನನ್ನು ಮೇಲಕ್ಕೆ ತಂದರು. ಎದೆಯ ಗೂಡು ಒಡೆದಿತ್ತು. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಧ್ಯಾಹ್ನದವರೆಗೆ ಇದ್ದ. ನೋವಿಗಿಂತ ಅಪರಾಧ ಮಾಡಿದವನ ಸಂಕಟ ಅವನಿಗೆ ಹೆಚ್ಚಾಗಿತ್ತಂತೆ.

"ಅಕ್ಕಾ, ನಾ ನಿಂತು ಕೇಳಿದ್ದೆ," ಎಂದ. "ಭಾಳ ಹೊತ್ತು ಕೇಳಿದ್ದೆ. ಏನೂ ಕೇಳಸಲಿಲ್ಲ."

"ನಾನೂ ಕೇಳಿದ್ದೆ, ತಮ್ಮಾ."

"ನಿನ್ನ ಗಂಟಿ ಕೇಳಸಲಿಲ್ಲ."

ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಹೊತ್ತು ಇಳಿಮುಖವಾದಾಗ ಸುಮ್ಮನಾದ.

ಒಂದು ಕಡೆಯ ಎತ್ತುಗಳು ತಿರುಗಿ ದಾರಿ ಬಿಡಬೇಕು; ತಿರುಗಬೇಕಾದರೆ ಹೇರು ಇಳಿಯಬೇಕು; ಇಳಿಸಿಡಲು ಅಲ್ಲಿ ಅಂಗೈ ಜಾಗವಿಲ್ಲ. ತಿರಕವ್ವ ತನ್ನ ಕಡೆಯ ಮೂವತ್ತೊಂಬತ್ತು ಎತ್ತಿನ ಉಪ್ಪನ್ನೂ ಕಣಿವೆಗೆ ಸುರಿಸಿದಳು. ಆ ವರ್ಷ ಹೊಳೆ ಉಪ್ಪಾಗಿ ಕಡಲಿನ ಮೀನುಗಳು ಅದನ್ನೂ ಕಡಲೆಂದುಕೊಂಡು ಬಂದವು ಎನ್ನುವವರಿದ್ದಾರೆ, ಅಷ್ಟನ್ನು ನಂಬಬೇಕಿಲ್ಲ. ಬೆಣಚಿಕಟ್ಟಿಯಲ್ಲಿ ಆ ವರ್ಷ ಸಪ್ಪೆ ಅಂಬಲಿ ಕುಡಿದರು ಎನ್ನುವುದು ನಿಜವಿರಬೇಕು. ಇವತ್ತಿಗೂ ಆ ಊರಿನಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ, "ಯಾಕ, ತಿರಕವ್ವನ ವರ್ಷ ಬಂತೇನು?" ಎಂದು ಕೇಳುತ್ತಾರೆ.

ಆಮೇಲೆ ಹೇರಿನವರ ಹಿರಿಯರೆಲ್ಲ ಕೂಡಿದರು. ತಪ್ಪು ಯಾರದು ಎಂದು ಹುಡುಕುವುದಕ್ಕೆ ಜನ ಬೇಗ ಕೂಡುತ್ತಾರೆ. ಹೆಂಗಸು ಮುಂದೆ ನಡೆದದ್ದೇ ತಪ್ಪು ಎಂದರು ಕೆಲವರು. ಹೊಳಿಯಜ್ಜ ಎದ್ದು, "ಆಕಿದಲ್ಲ, ನಂದು. ಎರಡನೇ ಸಲ ಹೇಳಬೇಕಿತ್ತು, ಹೇಳಲಿಲ್ಲ," ಎಂದು ಅತ್ತ. ತಿರಕವ್ವ ತಮ್ಮ ತಂದ ಸೀರೆಯನ್ನು ಉಟ್ಟುಕೊಂಡು ಬಂದಿದ್ದಳು. ಅವಳು ತನ್ನ ತಪ್ಪನ್ನು ಅಲ್ಲಗಳೆಯಲೂ ಇಲ್ಲ, ಯಾರ ಕಾಲಿಗೂ ಬೀಳಲಿಲ್ಲ. "ಸತ್ತವರ ಸಲುವಾಗಿ ಬಾಯಿ ಮುಚ್ಚಿಕೊಂಡು ನಡದ್ವಿ. ಬದುಕಿದಾವ ಎದುರಿಗೆ ಬರೂದು ಕೇಳಲಿಲ್ಲ. ಇನ್ನ ಮ್ಯಾಲ ಮನ್ಯಾಗ ಸಾವಾದವರು ಗಂಟಿ ಬಾರಸ್ಕೋಂತ ಹೋಗ್ರಿ. ಮಂದಿಗಿಂತ ಹೆಚ್ಚ ಬಾರಸ್ರಿ," ಎಂದಳು. ಹಿರಿಯರು ಕೊನೆಗೆ ಹಾಗೇ ಆಗಲಿ ಎಂದರು. ಕಟ್ಟಳೆ ಮುರಿಯುವುದು ಕಲ್ಲು ಕಡಿಯುವುದಕ್ಕಿಂತ ಕಷ್ಟ. ಆದರೆ ಅವತ್ತು ಅದು ಮುರಿಯಿತು. ಈ ಏಳು ಹಳ್ಳಿಗಳಲ್ಲಿ ಇಂದಿಗೂ ಹೆಣದ ಹಿಂದೆಯೂ, ಆಮೇಲೆ ಹನ್ನೊಂದು ದಿನ ಮನೆಯ ಮುಂದೆಯೂ ತಂಬಿಗೆ ಬಾರಿಸುತ್ತಾರೆ. ಪರವೂರಿನಿಂದ ಮದುವೆಯಾಗಿ ಬಂದ ಸೊಸೆಯರು ಇದೆಂಥ ಪದ್ಧತಿಯೆಂದು ಗಾಬರಿಯಾಗುತ್ತಾರೆ.

ತಿರಕವ್ವ ಬೆಣಚಿಕಟ್ಟಿಗೆ ಮರಳಲಿಲ್ಲ. ಎತ್ತುಗಳನ್ನು ಹೊಳಿಯಜ್ಜನ ಮಕ್ಕಳಿಗೆ ಒಪ್ಪಿಸಿ, ತಮ್ಮ ಬಿದ್ದ ಬಂಡೆಯ ಮೇಲ್ಬದಿಯಲ್ಲಿ ಒಂದು ಗುಡಿಸಲು ಹಾಕಿಕೊಂಡು ಉಳಿದಳು. ತಗ್ಗುಬಿದ್ದ ತಂಬಿಗೆಯನ್ನು ಬಂಡೆಗೆ ನೇತುಹಾಕಿದಳು. ಬಂದವರು ಬಾರಿಸಬೇಕು. ಬಾರಿಸಿದ ಮೇಲೂ ಆಚೆಯವರಿಗೆ ಅದು ಮುಟ್ಟಿತೋ ಇಲ್ಲವೋ ಎಂಬುದು ಬಾರಿಸಿದವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಅವಳು ಗುಡಿಸಲಿನಿಂದ ಹೊರಗೆ ಬಂದು, ಎರಡೂ ಕಡೆ ನೋಡಿ, ದಾರಿ ಖಾಲಿಯಿದ್ದರೆ, "ಕೇಳಿಸ್ತು, ಬರ್ರಿ!" ಎಂದು ಕೂಗುತ್ತಿದ್ದಳು. ಹೀಗೆ ಮೂವತ್ತು ವರ್ಷ ಕೂಗಿದಳಂತೆ. ಮುದುಕಿಯಾಗಿ ಕಣ್ಣು ಮಂಜಾದ ಮೇಲೂ, ಎತ್ತಿನ ಗೊರಸಿನ ಸಪ್ಪಳ ಎಣಿಸಿ ಕೂಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬೀರಣ್ಣನ ಮಗಳು ಬಂದು ಆ ಗುಡಿಸಲಿನಲ್ಲಿ ಕುಳಿತಳು.

ಅಣೆಕಟ್ಟು ಕಟ್ಟಿದಾಗ ಹೇರಿನವರ ದಾರಿ ನೀರಿನಲ್ಲಿ ಮುಳುಗಿತು. ಹೊಸ ಜಲ್ಲಿರಸ್ತೆಯನ್ನು ಮೇಲೆ ಕಡಿದರು. ಹಳೆಯ ದಾರಿ ಈ ಮೂಗುಬಂಡೆಯ ಹತ್ತಿರ ಮಾತ್ರ ಎತ್ತರಕ್ಕೆ ಹತ್ತುತ್ತಿದ್ದುದರಿಂದ ಎರಡೂ ಇಲ್ಲಿ ಒಂದಾಗಿವೆ. ತಿರುವಿನ ಒಳಮಗ್ಗುಲಿನಲ್ಲಿ ಸೊಂಟದ ಎತ್ತರಕ್ಕೆ ಬಂಡೆ ಕೈಯಿಟ್ಟರೆ ಜಾರುವಷ್ಟು ನುಣುಪಾಗಿರುವುದನ್ನು ಇವತ್ತಿಗೂ ನೋಡಬಹುದು. ಗೋಣಿಗಳು ಉಜ್ಜಿದ ಜಾಗ. ಚೆನ್ನನೂ ಗಂಟೆಯೂ ಜಲಾಶಯದ ತಳದಲ್ಲಿವೆ. ಬೇರೆ ಊರಿನ ಕಥೆಗಳಲ್ಲಾದರೆ ಮುಳುಗಿದ ಗಂಟೆ ಹುಣ್ಣಿಮೆ ಅಮಾವಾಸ್ಯೆಗೆ ನೀರೊಳಗಿಂದ ಮೊಳಗುತ್ತದೆ. ನಮ್ಮದು ಮೊಳಗುವುದಿಲ್ಲ. ಅದರ ಬಾಯಲ್ಲಿ ಹುಲ್ಲಿದೆ. ಬಂಡೆಗೆ ನೇತುಹಾಕಿದ ತಂಬಿಗೆ ತಿರಕವ್ವನದೇ ಎಂದು ಬಂದವರಿಗೆ ಹೇಳುವವರುಂಟು, ಅದೂ ಸುಳ್ಳು. ಹಳೆಯವು ಬಡಿಸಿಕೊಂಡು ಬಡಿಸಿಕೊಂಡು ತೂತುಬಿದ್ದು, ಈಗಿನವು ಎಷ್ಟನೆಯವೋ. ಅವುಗಳ ಸುತ್ತ ಈಚೆಗೆ ಸೈಕಲ್ಲಿನ ಗಂಟೆಗಳೂ ಸೇರಿಕೊಂಡಿವೆ. ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡು ಬಂದವರು, ಕಥೆ ಕೇಳಿದ ಮೇಲೆ, ಹ್ಯಾಂಡಲಿನಿಂದ ಬಿಚ್ಚಿ ಸರಪಳಿಗೆ ಕಟ್ಟಿ ಹೋಗುತ್ತಾರೆ. ಹಾಗೆ ಮಾಡಿರೆಂದು ಯಾರೂ ಹೇಳಿಲ್ಲ.

ಸುಂದ್ರಾಬಾಯಿ ತಾನು ಬೀರಣ್ಣನ ಮಗಳ ಪೈಕಿ ಎನ್ನುತ್ತಾಳೆ. ದಾಖಲೆ ಕೇಳಿದರೆ ಚಹದ ಲೋಟ ಮುಂದಿಡುತ್ತಾಳೆ. ಅವಳ ಅಂಗಡಿಯ ಜಾಗದಿಂದ ತಿರುವಿನ ಎರಡೂ ಕಡೆ ರಸ್ತೆ ಕಾಣುತ್ತದೆ. ಕೆಳಗಿನಿಂದ ಬರುವ ಸೈಕಲ್ಲಿನವರನ್ನು ಅವರು ಬಂಡೆ ಮುಟ್ಟುವ ಎಷ್ಟೋ ಮೊದಲೇ ಅವಳು ಕಂಡಿರುತ್ತಾಳೆ. ಅವರು ಇಳಿದು, ಏದುಸಿರು ಬಿಡುತ್ತ, ಸ್ವಲ್ಪ ನಾಚಿಕೊಂಡು, ಕಲ್ಲೆತ್ತಿ ತಂಬಿಗೆಗೆ ಬಡಿಯುತ್ತಾರೆ. ಕಣಿವೆಯ ನೀರಿನ ಮೇಲೆ ಆ ದನಿ ಹೋಗಿ ಎದುರಿನ ಬಂಡೆ ಮುಟ್ಟಿ ಬರುತ್ತದೆ. ರಸ್ತೆ ಎರಡು ಕಡೆಗೂ ಖಾಲಿ ಇರುತ್ತದೆ. ವಾರದ ನಡುವೆಯಂತೂ ನಾಯಿಯೂ ಇರುವುದಿಲ್ಲ. ಆದರೂ ಅವಳು ಕುದಿಯುವ ಹಾಲನ್ನು ಒಲೆಯಿಂದ ಇಳಿಸಿಟ್ಟು, ಸೆರಗು ಸರಿಮಾಡಿಕೊಂಡು, ಎದ್ದು ಹೊರಗೆ ಬರುತ್ತಾಳೆ. ಕುಳಿತಲ್ಲಿಂದ ಈ ಮಾತನ್ನು ಅವಳು ಹೇಳುವುದಿಲ್ಲ. ಬಂಡೆಯ ಆಚೆ, ತನ್ನನ್ನು ಕಾಣದೆ ನಿಂತು ಕಿವಿಗೊಟ್ಟವರಿಗೆ ಕೂಗಿ ಹೇಳುತ್ತಾಳೆ:

"ಕೇಳಿಸ್ತು, ಬರ್ರಿ!"